ಕರಗುವ ಪ್ಲಾಸ್ಟಿಕ್, ಕರಗಿದ ದುಡ್ಡು

ಪ್ರಶ್ನೆ: ಉತ್ತರ ಪ್ರದೇಶದಲ್ಲಿ ಕಬ್ಬಿನಿಂದ ಪ್ಲಾಸ್ಟಿಕ್ ಮಾಡುವ ದೊಡ್ಡ ಕಾರ್ಖಾನೆ ಬರುತ್ತಿದೆಯಂತೆ. ನಮ್ಮ ವಾಕಿಂಗ್ ಗೆಳೆಯರಲ್ಲಿ ಎರಡು ಗುಂಪಾಗಿದೆ. 'ಮುಂದಿನ ಕಾಲ ಇದರದ್ದೇ, ಷೇರು ತಗೊಂಡು ಹತ್ತು ವರ್ಷ ಮರೆತುಬಿಡಿ' ಅಂತ ಒಂದು ಗುಂಪು. 'ಹತ್ತಿರ ಸುಳಿಯಬೇಡಿ' ಅಂತ ಇನ್ನೊಂದು. ನಿವೃತ್ತಿಯ ಹಣದಲ್ಲಿ ಸ್ವಲ್ಪ ಹಾಕುವ ಆಸೆ ಇದೆ. ಪರಿಸರಕ್ಕೂ ಒಳ್ಳೆಯದಲ್ವಾ? ಯಾರ ಮಾತು ಕೇಳಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪರಿಸರದ ಮಾತು ಮೊದಲು ಮುಗಿಸೋಣ. ಪೇಟೆಯಲ್ಲಿ ನೀವು ಷೇರು ಕೊಂಡಾಗ ದುಡ್ಡು ಹೋಗುವುದು ಅದನ್ನು ಮಾರಿದವರಿಗೆ, ಕಂಪನಿಗಲ್ಲ. ಕಂಪನಿ ಹೊಸದಾಗಿ ಷೇರು ಹೊರತಂದಾಗ ಮಾತ್ರ ಅದರ ಕೈಗೆ ಹಣ ಸೇರುತ್ತದೆ. ನಿಮ್ಮ ಕಾಳಜಿ ದೊಡ್ಡದು, ಸಂತೋಷ. ಆದರೆ ಅದನ್ನು ಷೇರಿನ ಲೆಕ್ಕದೊಳಗೆ ಸೇರಿಸಬೇಡಿ.

ಕೊಳ್ಳಿ ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ನೀವು ಕೇಳಿದ ಕಬ್ಬಿನ ಪ್ಲಾಸ್ಟಿಕ್, ಅಂದರೆ ಪಿಎಲ್‌ಎ ಎಂಬ ಈ ವಸ್ತು ನಿಜ. ಅಮೆರಿಕದ ನೆಬ್ರಾಸ್ಕಾದಲ್ಲಿ ನೇಚರ್‌ವರ್ಕ್ಸ್ ಕಂಪನಿ ಮೆಕ್ಕೆಜೋಳದಿಂದ ಅದನ್ನು ಎರಡು ದಶಕಗಳಿಂದ ಮಾಡುತ್ತಿದೆ. ನಮ್ಮಲ್ಲೂ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ಚಮಚ, ಲೋಟಗಳಿಗೆ ನಿಷೇಧವಿದೆ.

ಈಗ ಡ್ಯಾನಿಮರ್ ಸೈಂಟಿಫಿಕ್ ಕಥೆ ಕೇಳಿ. ನಿಮ್ಮ ಗೆಳೆಯರಿಗೂ ಓದಿ ಹೇಳಿ.

ಅಮೆರಿಕದ ಜಾರ್ಜಿಯಾ ರಾಜ್ಯದ ಬೇನ್‌ಬ್ರಿಜ್ ಊರಿನ ಕಂಪನಿ ಅದು. ಕೆನೋಲಾ ಎಣ್ಣೆಯನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿ, ಅವುಗಳ ಮೈಯಲ್ಲಿ ಕೂಡುವ ಪಿಎಚ್‌ಎ ಎಂಬ ಇನ್ನೊಂದು ಬಗೆಯ ಕರಗುವ ಪ್ಲಾಸ್ಟಿಕ್ಕನ್ನು ತೆಗೆಯುತ್ತಿತ್ತು. ಪೆಪ್ಸಿಕೋ, ನೆಸ್ಲೆಯಂಥವರು ಜೊತೆಗಿದ್ದರು. 2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಎರಡೇ ತಿಂಗಳಲ್ಲಿ ಷೇರು 60 ಡಾಲರ್ ದಾಟಿತು. 'ಮುಂದಿನ ಕಾಲ ಇದರದ್ದೇ' ಎಂಬ ಮಾತು ಅಲ್ಲೂ ಎಲ್ಲರ ಬಾಯಲ್ಲಿತ್ತು. 2021ರ ಮಾರ್ಚ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ತಜ್ಞರನ್ನು ಕೇಳಿ ಬರೆಯಿತು: ಈ ಪ್ಲಾಸ್ಟಿಕ್ ಕಂಪನಿ ಹೇಳಿಕೊಳ್ಳುವಷ್ಟು ಸುಲಭವಾಗಿ ಎಲ್ಲ ಕಡೆ ಕರಗುವುದಿಲ್ಲ. ಷೇರು ಕುಸಿಯಿತು. 'ಇದು ಅಗ್ಗಕ್ಕೆ ಸಿಕ್ಕ ಅವಕಾಶ' ಎಂದು ಇನ್ನಷ್ಟು ಕೊಂಡವರಿದ್ದರು. ಅದೇ ವರ್ಷದ ಕೊನೆಗೆ ಕಂಪನಿ 24 ಕೋಟಿ ಡಾಲರ್ ಸಾಲಪತ್ರ ಹೊರಡಿಸಿತು. 2023ರಲ್ಲಿ ಮಾರಾಟ 5 ಕೋಟಿ ಡಾಲರನ್ನೂ ಮುಟ್ಟಲಿಲ್ಲ, ನಷ್ಟ ಮಾತ್ರ 15 ಕೋಟಿ ದಾಟಿತು. ಷೇರಿನ ಬೆಲೆ ತೀರಾ ಇಳಿದಿದ್ದರಿಂದ 2024ರ ನವೆಂಬರ್‌ನಲ್ಲಿ 40 ಷೇರು ಸೇರಿಸಿ ಒಂದು ಮಾಡಿದರು. 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ. ದಿವಾಳಿಯಲ್ಲಿ ಮೊದಲು ಸಾಲ ಕೊಟ್ಟವರು, ಎಲ್ಲರಿಗಿಂತ ಕೊನೆಗೆ ಷೇರುದಾರರು. ಹತ್ತು ವರ್ಷ ಮರೆತುಬಿಡೋಣ ಅಂದುಕೊಂಡವರಿಗೆ ಐದು ವರ್ಷವೂ ಸಿಗಲಿಲ್ಲ.

ಇದೊಂದೇ ಆಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಇದೇ ಜಾತಿಯ ಪ್ಲಾಸ್ಟಿಕ್ಕನ್ನು ಬ್ರಿಟನ್ನಿನ ಐಸಿಐ ಕಂಪನಿ ಮಾಡಿತ್ತು. 1990ರಲ್ಲಿ ಅದರಿಂದ ಜರ್ಮನಿಯಲ್ಲಿ ಶಾಂಪೂ ಬಾಟಲಿಯೂ ಬಂತು. ಆಮೇಲೆ ಅದು ಅಮೆರಿಕದ ಮಾನ್ಸಾಂಟೊ ಕಂಪನಿಯ ಕೈಗೆ ಹೋಯಿತು. ಅವರೂ ಬಿಟ್ಟರು. ಮೆಟಬೊಲಿಕ್ಸ್ ಎಂಬ ಕಂಪನಿ 2006ರಲ್ಲಿ ಷೇರುಪೇಟೆಗೆ ಬಂದು, ಎಡಿಎಂ ಎಂಬ ಧಾನ್ಯ ವ್ಯಾಪಾರದ ದೈತ್ಯನ ಜೊತೆ ಸೇರಿ ಅಯೋವಾದಲ್ಲಿ ಕಾರ್ಖಾನೆ ಕಟ್ಟಿತು. 2012ರ ಜನವರಿಯಲ್ಲಿ ಎಡಿಎಂ ಕೈಬಿಟ್ಟಿತು. ಕಾರ್ಖಾನೆ ನಿಂತಿತು. ಪದಾರ್ಥ ಪ್ರತಿ ಸಲವೂ ಚೆನ್ನಾಗಿಯೇ ಇತ್ತು. ಅದಕ್ಕೆ ಜಾಸ್ತಿ ಬೆಲೆ ಕೊಡುವ ಗಿರಾಕಿ ಸಾಕಷ್ಟು ಇರಲಿಲ್ಲ.

ನಮ್ಮಲ್ಲೂ ಪ್ರಶ್ನೆ ಅದೇ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಸಂತೆಗೆ ಹೋಗಿ ನೋಡಿ, ಸೊಪ್ಪು ಇವತ್ತಿಗೂ ತೆಳು ಕವರಿನಲ್ಲೇ ಬರುತ್ತದೆ. ನಮ್ಮ ಕಚೇರಿ ಹತ್ತಿರದ ತರಕಾರಿಯವರನ್ನು ಕೇಳಿದೆ. 'ಕರಗೋ ಕವರಿಗೆ ದುಡ್ಡು ಜಾಸ್ತಿ ಸಾರ್, ನಾನು ಹಾಕ್ಕೊಳ್ಳಲಾ, ನೀವು ಕೊಡ್ತೀರಾ?' ಎಂದರು. ಯಾವ ಷೇರು ಪಂಡಿತರೂ ಇಷ್ಟು ನೇರವಾಗಿ ಕೇಳಿದ್ದನ್ನು ನಾನು ನೋಡಿಲ್ಲ. ಇನ್ನೊಂದು ವಿಷಯ. ಪಿಎಲ್‌ಎ ಸರಿಯಾಗಿ ಕೊಳೆಯಲು ಸುಮಾರು 58 ಡಿಗ್ರಿ ಕಾವು ಬೇಕು. ದೊಡ್ಡ ಗೊಬ್ಬರದ ಘಟಕದಲ್ಲಿ ಆ ಕಾವು ಸಿಗುತ್ತದೆ. ಚರಂಡಿಯಲ್ಲಿ, ಕೆರೆಯಲ್ಲಿ ಸಿಗುವುದಿಲ್ಲ. ಹಸಿ ಕಸವನ್ನೇ ಬೇರ್ಪಡಿಸದ ಊರಿನಲ್ಲಿ ಈ ಲೋಟ ಎಲ್ಲಿಗೆ ಹೋಗಬೇಕು?

ನೀವು ಓದಿದ್ದು ಬಲರಾಂಪುರ್ ಚೀನಿ ಮಿಲ್ಸ್ ಸುದ್ದಿ ಇರಬೇಕು. ಅದನ್ನು ಡ್ಯಾನಿಮರ್ ಜೊತೆ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಅವರಿಗೆ ಸಕ್ಕರೆ, ಎಥೆನಾಲ್‌ಗಳ ಆದಾಯವಿದೆ, ಕಬ್ಬು ಮನೆಬಾಗಿಲಲ್ಲೇ ಇದೆ. ಆದರೆ ಆಗ ನೀವು ಕೊಳ್ಳುವುದು ಮುಖ್ಯವಾಗಿ ಸಕ್ಕರೆ ಕಂಪನಿಯ ಷೇರು. ಕಬ್ಬಿನ ದರ, ಮಳೆ, ಎಥೆನಾಲ್ ಕುರಿತ ಸರ್ಕಾರದ ಧೋರಣೆ, ಇವುಗಳ ಬಗ್ಗೆ ನಿಮ್ಮ ವಾಕಿಂಗ್ ಗೆಳೆಯರು ಒಂದು ಮಾತಾದರೂ ಆಡಿದ್ದಾರಾ?

ನನ್ನ ಬೇಸರ ಇರುವುದು ಇಲ್ಲಿ. ನೀವು ಇಷ್ಟು ಓದಿಕೊಂಡವರು. ಆದರೂ 'ಯಾರ ಮಾತು ಕೇಳಲಿ' ಎಂದು ಕೇಳುತ್ತೀರಿ. ಕಂಪನಿಯ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ, ಅದನ್ನು ತೆರೆದಿರಾ ಎಂದರೆ ಇಲ್ಲ. ತಪ್ಪು ನಿಮ್ಮದಷ್ಟೇ ಅಲ್ಲ. ಆ ವರದಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ನಮಗೆ ಹೇರಳವಾಗಿ ಸಿಗುವುದು 'ಈ ಷೇರು ತಗೊಳ್ಳಿ' ಎಂದು ಕೂಗುವ ವಿಡಿಯೊ. ನಮ್ಮ ಜನರ ಉಳಿತಾಯ ಬೇಕು, ನಮ್ಮ ಭಾಷೆಯಲ್ಲಿ ಲೆಕ್ಕ ಒಪ್ಪಿಸುವುದು ಬೇಡ ಅಂದರೆ ಹೇಗೆ? ಬ್ಯಾಂಕ್ ಅರ್ಜಿ ಕನ್ನಡದಲ್ಲಿರಲಿ ಎಂದು ಹೋರಾಡುವ ನಾವು ಇದನ್ನೂ ಕೇಳಬೇಕು.

ಅಲ್ಲಿಯವರೆಗೆ ವರದಿಯಲ್ಲಿ ಮೂರು ವಿಷಯ ಹುಡುಕಿ. ವ್ಯಾಪಾರದಿಂದ ನಗದು ಒಳಗೆ ಬರುತ್ತಿದೆಯಾ, ಹೊರಗೆ ಹೋಗುತ್ತಿದೆಯಾ? ಸಾಲ ಎಷ್ಟು, ಯಾವಾಗ ತೀರಿಸಬೇಕು? ಹೊಸ ಪ್ಲಾಸ್ಟಿಕ್ಕನ್ನು ಕೊಳ್ಳುತ್ತೇವೆ ಎಂದು ಬರೆದುಕೊಟ್ಟವರು ಯಾರು? ಇಂಗ್ಲಿಷ್ ತೊಡಕಾದರೆ ಆ ಪುಟಗಳ ಪ್ರತಿ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕನ್ನಡದಲ್ಲಿ ಬಿಡಿಸಿ ಬರೆಯುತ್ತೇವೆ.