ಜೂನ್ ಬೇಡ, ಫೆಬ್ರವರಿಗೆ ಇಟ್ಟುಕೊಳ್ಳಿ

ಮಂಡ್ಯದಿಂದ ಹನ್ನೆರಡು ಜನರನ್ನು ಕರೆದುಕೊಂಡು ಹೋಗಿ, ಜೂನ್‌ನಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ (ಈಗಿನ ಹೆಸರು ಸ್ವರಾಜ್ ದ್ವೀಪ) ಒಂದು ವಾರ ಕಯಾಕಿಂಗ್ (ಕಯಾಕ್ ಅನ್ನೋ ಸಣ್ಣ ದೋಣಿಯನ್ನು ಹುಟ್ಟು ಹಾಕಿ ನಡೆಸುವುದು), ಡೈವಿಂಗ್ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು) ಶಿಬಿರ ನಡೆಸಬಹುದಾ ಅಂತ ಕೇಳಿದ್ದೀರಿ. ಜೂನ್ ಬೇಡ ಸರ್. ಅಲ್ಲಿಗೆ ಮುಂಗಾರು ನಮಗಿಂತ ಮೊದಲು, ಮೇ ತಿಂಗಳಲ್ಲೇ ಬರುತ್ತದೆ. ಸಮುದ್ರ ಕೆರಳಿದರೆ ಫೆರ್ರಿ ನಿಲ್ಲುತ್ತದೆ, ಗುಂಪೆಲ್ಲ ದ್ವೀಪದಲ್ಲೇ ಸಿಕ್ಕಿಕೊಂಡು ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯ ಪುರಂ) ಹೊರಡುವ ವಿಮಾನ ತಪ್ಪುತ್ತದೆ. ಫೆಬ್ರವರಿ, ಮಾರ್ಚ್ ಒಳ್ಳೆಯದು. ಆಗಲೂ ಕೊನೆಯ ದಿನ ಪೋರ್ಟ್ ಬ್ಲೇರ್‌ನಲ್ಲಿ ಸುಮ್ನೆ ಉಳಿಯಿರಿ, ಏಕೆಂದರೆ ಎರಡು ಮೂರು ಸಲ ಡೈವ್ ಮಾಡಿದವರು ಕೊನೆಯ ಡೈವ್ ಆದ ಮೇಲೆ ಕಡಿಮೆ ಅಂದರೂ 18 ಗಂಟೆ ವಿಮಾನ ಹತ್ತಬಾರದು.

ದಿನದ ಕಾರ್ಯಕ್ರಮವನ್ನು ಉಬ್ಬರ-ಇಳಿತದ ಸಮಯ ನೋಡಿಕೊಂಡೇ ಬರೆಯಿರಿ, ಇದು ತುಂಬಾ ಮುಖ್ಯ. ಇಳಿತದಲ್ಲಿ ಮ್ಯಾಂಗ್ರೋವ್ ಕಾಡಿನ ಸಣ್ಣ ಕವಲುಗಳಲ್ಲಿ ನೀರೆಲ್ಲ ಹೋಗಿ ಬರೀ ಕೆಸರು, ಅದರೊಳಗಿಂದ ಮೇಲೆದ್ದ ಬೇರುಗಳು. ಕಯಾಕ್ ಅಲ್ಲೇ ಕೂತುಬಿಡುತ್ತದೆ. ಕತ್ತಲೂ ಬೇಗ ಆಗುತ್ತದೆ, ಚಳಿಗಾಲದಲ್ಲಿ ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಬೆಳಿಗ್ಗೆ ಆರಕ್ಕೆಲ್ಲ ನೀರಿಗಿಳಿಯಿರಿ. ಉಪ್ಪುನೀರಿನ ಮೊಸಳೆಗಳಿವೆ, ಊರಿನ ಗೈಡ್ ಇಲ್ಲದೆ ಬೇಡವೇ ಬೇಡ.

ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜಿ ಬೆಳೆದವರು ಲೈಫ್ ಜಾಕೆಟ್ ಯಾಕೆ ಅನ್ನುತ್ತಾರೆ. ಅಂಥವರಿಗೂ ಹಾಕಿಸಿ. ಹೊರಡುವ ಮುಂಚೆ ಮೈಸೂರಿನ ಯಾವುದಾದರೂ ಈಜುಕೊಳದಲ್ಲಿ ಎಲ್ಲರನ್ನೂ ಒಮ್ಮೆ ಇಳಿಸಿ ನೋಡಿ, ಯಾರಿಗೆ ಭಯ ಜಾಸ್ತಿ ಅನ್ನೋದು ಅಲ್ಲೇ ಗೊತ್ತಾಗುತ್ತದೆ.