ನಿಮ್ಮ ಫ್ಲಾಶ್ ಲೇಖನದಲ್ಲಿ ಉಳಿಯಬೇಕಾದ ಒಂದು ಪ್ಯಾರಾ

ನಮಸ್ಕಾರ.

‘ಕ್ಯಾಮೆರಾಕ್ಕೆ ಯಾವ ಫ್ಲಾಶ್ ಕೊಳ್ಳಬೇಕು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಏಳು ಪುಟಗಳಲ್ಲಿ ಒಂದು ಪ್ಯಾರಾ ನನಗೆ ತುಂಬಾ ಹಿಡಿಸಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಅಕ್ಕನ ಮಗುವಿನ ಫೋಟೋ ತೆಗೆದ ಪ್ಯಾರಾ ಅದು. ಮೊದಲು ಫ್ಲಾಶನ್ನು ನೇರ ಮುಖಕ್ಕೇ ಹೊಡೆದಿರಿ. ಹಣೆ, ಮೂಗಿನ ತುದಿ ಬಿಳುಚಿದವು. ಹಿಂದಿನ ಗೋಡೆಯ ಮೇಲೆ ಕಿವಿಗೆ ಅಂಟಿಕೊಂಡಂತೆ ಕಪ್ಪು ನೆರಳು ಬಿತ್ತು. ಆಮೇಲೆ ಫ್ಲಾಶಿನ ತಲೆಯನ್ನು ಚಾವಣಿಯ ಕಡೆ ತಿರುಗಿಸಿದಿರಿ. ಫೋಟೋ ಸ್ವಲ್ಪ ಕಪ್ಪಾಗಿ ಬಂದರೂ ಆ ನೆರಳು ಹೋಯಿತು, ಕೆನ್ನೆಯ ದುಂಡು ಕಂಡಿತು. ಇದನ್ನು ನೀವು ಕಣ್ಣಾರೆ ನೋಡಿದ್ದೀರಿ. ಅದಕ್ಕೇ ಓದಿದ ನನಗೂ ಕಂಡಿತು. ಉಳಿದ ಪುಟಗಳು ಫ್ಲಾಶಿನ ಡಬ್ಬಿ ನೋಡಿ ಇಳಿಸಿಕೊಂಡ ಹಾಗಿವೆ.

ಆ ಪ್ಯಾರಾದ ಕೊನೆಗೆ ಮಾತ್ರ ಎಡವಿದ್ದೀರಿ. ‘ಫ್ಲಾಶಿನ ಶಕ್ತಿ ಸಾಲಲಿಲ್ಲ, ಆದ್ದರಿಂದ ದೊಡ್ಡದನ್ನೇ ಕೊಳ್ಳಿ’ ಅಂದಿದ್ದೀರಿ. ನೀವೇ ಕೊಟ್ಟ ವಿವರ ನೋಡಿ: ಗೈಡ್ ನಂಬರ್ (ಫ್ಲಾಶಿನ ಶಕ್ತಿಯ ಅಳತೆ; ಅದನ್ನು ದೂರದಿಂದ ಭಾಗಿಸಿದರೆ ಇಡಬೇಕಾದ ಎಫ್ ಸಂಖ್ಯೆ ಸಿಗುತ್ತದೆ) 34, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ತೆರವು ಎಫ್/5.6 (ಸಂಖ್ಯೆ ಚಿಕ್ಕದಾದಷ್ಟೂ ತೆರವು ದೊಡ್ಡದು). ಬೆಳಕು ಚಾವಣಿಗೆ ಹೋಗಿ ಕೆಳಗೆ ಬರಲು ಸುಮಾರು 5 ಮೀಟರ್ ಅಂದುಕೊಳ್ಳೋಣ. 34ನ್ನು 5ರಿಂದ ಭಾಗಿಸಿದರೆ ಎಫ್/6.8. ಚಾವಣಿ ನುಂಗುವ ಬೆಳಕನ್ನು ಕಳೆದರೆ ಎಫ್/4ರ ಆಸುಪಾಸು. ನೀವು ಇಟ್ಟದ್ದು ಅದಕ್ಕಿಂತ ಕಿರಿದಾದ ಎಫ್/5.6, ಕಪ್ಪಾಗದೆ ಇನ್ನೇನು? ಐಎಸ್ಒ 400 ಇಟ್ಟಿದ್ದರೆ ಗೈಡ್ ನಂಬರ್ ಎರಡರಷ್ಟಾಗಿ, ಅದೇ ಫ್ಲಾಶ್ ಧಾರಾಳವಾಗಿ ಸಾಲುತ್ತಿತ್ತು. ಇದನ್ನು ಹೇಳದೆ ದೊಡ್ಡದು ಕೊಳ್ಳಿ ಅಂದರೆ ಓದುಗರಿಗೆ ಸುಮ್ನೆ ಖರ್ಚು ಹಚ್ಚಿದಂತೆ ಅಲ್ವಾ?

ಗೈಡ್ ನಂಬರಿನ ವಿಷಯದಲ್ಲೇ ಇನ್ನೊಂದು ದೊಡ್ಡ ತಪ್ಪಿದೆ. ಕ್ಯಾನನ್ 600ಇಎಕ್ಸ್-ಆರ್‌ಟಿಗೆ 60, ನಿಕಾನ್ ಎಸ್‌ಬಿ-910ಕ್ಕೆ 34 ಎಂದು ಪಟ್ಟಿ ಮಾಡಿ, ಮೊದಲನೆಯದು ಹೆಚ್ಚು ಕಡಿಮೆ ಎರಡರಷ್ಟು ದೂರ ಮುಟ್ಟುತ್ತದೆ ಎಂದು ಬರೆದಿದ್ದೀರಿ. ಆ 60 ಬಂದದ್ದು ಫ್ಲಾಶಿನ ತಲೆಯನ್ನು 200 ಎಂಎಂಗೆ ಝೂಮ್ ಮಾಡಿ, ಬೆಳಕನ್ನು ಕಿರಿದಾಗಿಸಿ ಅಳೆದಾಗ. 34 ಅನ್ನುವುದು 35 ಎಂಎಂನಲ್ಲಿ, ಬೆಳಕು ಅಗಲವಾಗಿ ಹರಡಿದಾಗಿನ ಲೆಕ್ಕ. ಎರಡನ್ನೂ ಒಂದೇ ಝೂಮಿನಲ್ಲಿ ಇಟ್ಟು ನೋಡದೆ ಹೋಲಿಸಲೇಬಾರದು. ಹೊಸಬರು ಮೋಸ ಹೋಗುವುದು ಇಲ್ಲೇ. ಹಾಗಾಗಿ ಆ ಪಟ್ಟಿ ಕಿತ್ತುಹಾಕಿ, ಅದು ಯಾಕೆ ದಾರಿ ತಪ್ಪಿಸುತ್ತದೆ ಅನ್ನುವುದನ್ನೇ ಬರೆಯಿರಿ.

ಫ್ಲಾಶಿನ ತಲೆ ಯಾವ ಕಡೆಗೆಲ್ಲ ತಿರುಗುತ್ತದೆ ಎಂಬ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಕೇಳಿದರೆ, ಕೊಳ್ಳುವವರು ಮೊದಲು ನೋಡಬೇಕಾದದ್ದೇ ಅದು. ತಲೆ ಮೇಲಕ್ಕೆ ಮಾತ್ರ ಏಳುವ ಫ್ಲಾಶ್ ಹಾಕಿ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ನೋಡಿ. ಚಾವಣಿಗೆ ಹೋಗಬೇಕಿದ್ದ ಬೆಳಕು ಪಕ್ಕದ ಗೋಡೆಗೆ ಹೋಗುತ್ತದೆ. ತಲೆ ಅಕ್ಕಪಕ್ಕಕ್ಕೂ ತಿರುಗಿದರೆ ಆ ತೊಂದರೆ ಇಲ್ಲ. ಇದಕ್ಕೆ ಒಂದು ಪುಟ ಕೊಡಿ. ತುಂಬಾ ವೇಗದ ಶಟರಿನ ಜೊತೆಗೂ ಫ್ಲಾಶ್ ಬಳಸಲು ಬಿಡುವ ಹೈ ಸ್ಪೀಡ್ ಸಿಂಕ್‌ಗೆ ಒಂದೂವರೆ ಪುಟ ಜಾಸ್ತಿಯಾಯಿತು, ನಾಲ್ಕು ಸಾಲು ಸಾಕು. ಬಿಸಿಲಿನಲ್ಲಿ ಉಪಯೋಗ, ಫ್ಲಾಶಿನ ಶಕ್ತಿ ಕಡಿಮೆಯಾಗುತ್ತದೆ, ಅಷ್ಟೇ.

ಒಂದು ಸಾಲನ್ನು ಮಾತ್ರ ದಯವಿಟ್ಟು ಈಗಲೇ ಹೊಡೆದುಹಾಕಿ. ‘ಮನೆಯಲ್ಲಿ ಹಳೇ ಫಿಲ್ಮ್ ಕಾಲದ ಫ್ಲಾಶ್ ಇದ್ದರೆ ಧೈರ್ಯವಾಗಿ ಹಾಕಿ’ ಎಂದಿದ್ದೀರಿ. ಹಳೆಯ ಕೆಲವು ಫ್ಲಾಶುಗಳಲ್ಲಿ ಕ್ಯಾಮೆರಾಕ್ಕೆ ಸಿಕ್ಕಿಸುವ ಕಾಲಿನಲ್ಲಿ 200 ವೋಲ್ಟಿಗೂ ಮೇಲೆ ಇರುತ್ತದೆ. ಡಿಜಿಟಲ್ ಕ್ಯಾಮೆರಾದ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ನಮ್ಮ ಮಾತು ನಂಬಿ ಯಾರಾದರೂ ಕ್ಯಾಮೆರಾ ಕಳೆದುಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ಹಳೇ ಫ್ಲಾಶಿನ ವೋಲ್ಟೇಜನ್ನು ಮೀಟರಿನಲ್ಲಿ ಅಳೆದು, ಕ್ಯಾಮೆರಾದ ಕೈಪಿಡಿಯಲ್ಲಿರುವ ಮಿತಿಯ ಜೊತೆ ಹೋಲಿಸಿದ ಮೇಲೇ ಹಾಕಬೇಕು ಎಂದು ಬರೆಯಿರಿ.

ಮಗುವಿನ ಪ್ಯಾರಾವನ್ನು ಮೊದಲ ಪುಟಕ್ಕೆ ತನ್ನಿ. ಅದೇ ಕೋಣೆಯಲ್ಲಿ, ಅದೇ ಫ್ಲಾಶಿನಲ್ಲಿ, ಐಎಸ್ಒ 400 ಇಟ್ಟು ಇನ್ನೊಂದು ಫೋಟೋ ತೆಗೆಯಿರಿ. ಮೊದಲಿನ ಎರಡರ ಜೊತೆ ಅದನ್ನೂ ಏನೂ ತಿದ್ದದೆ ಕಳಿಸಿ. ಮೂರನ್ನೂ ಪಕ್ಕಪಕ್ಕ ಹಾಕುವಷ್ಟು ಜಾಗ ನಾನು ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ