ತಾಲಿಬಾನ್ ಒಂದೇ ವರ್ಷದಲ್ಲಿ ಅಫೀಮು ನಿಲ್ಲಿಸಿತು, ಅಮೆರಿಕಕ್ಕೆ 20 ವರ್ಷದಲ್ಲಿ ಯಾಕೆ ಆಗಲಿಲ್ಲ?

ನಿಮ್ಮ ಪ್ರಶ್ನೆ ಇದು: ಅಮೆರಿಕ ಅಷ್ಟೊಂದು ದುಡ್ಡು ಸುರಿದರೂ ಅಫ್ಘಾನಿಸ್ತಾನದಲ್ಲಿ ಅಫೀಮು ನಿಲ್ಲಲಿಲ್ಲ, ತಾಲಿಬಾನ್ ಒಂದು ಆದೇಶ ಹೊರಡಿಸಿ ನಿಲ್ಲಿಸಿಬಿಟ್ಟಿತು. ಹಾಗಾದರೆ ಬಿಗಿ ಕಾನೂನೊಂದೇ ದಾರಿ ಅಲ್ವಾ?

2021ಕ್ಕೆ ಮುಂಚೆ ನಾನು ಎರಡು ವರ್ಷ ಕಾಬೂಲಿನಲ್ಲಿದ್ದೆ. ರೈತರ ಮನೆಗಳು ಹೇಗೆ ನಡೆಯುತ್ತವೆ ಎಂದು ಸಮೀಕ್ಷೆ ಮಾಡುವ ತಂಡದಲ್ಲಿ ಕೆಲಸ. ಆ ಅನುಭವದಿಂದ ಹೇಳುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ನೀವು ಹೇಳಿದ್ದು ಸರಿಯಾಗಿಯೇ ಇದೆ. 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಸರ್ವೋಚ್ಚ ನಾಯಕ ಹೈಬತುಲ್ಲಾ ಅಖುಂದ್‌ಜಾದಾ ಅವರ ನಿಷೇಧದ ಆದೇಶ ಬಂತು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಆ ವರ್ಷ 2,33,000 ಹೆಕ್ಟೇರ್ ಇದ್ದ ಬೆಳೆ 2023ಕ್ಕೆ 10,800 ಹೆಕ್ಟೇರ್‌ಗೆ ಇಳಿಯಿತು. ಅಮೆರಿಕ ಇದೇ ಕೆಲಸಕ್ಕೆ 800 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿತ್ತು. ಆದರೆ ಇದು ಮೊದಲ ಸಲವೇನೂ ಅಲ್ಲ. 2000ದಲ್ಲೂ ತಾಲಿಬಾನ್ ಹೀಗೇ ನಿಷೇಧ ಹಾಕಿತ್ತು. ಆಗ 82,000 ಹೆಕ್ಟೇರ್ ಇದ್ದದ್ದು ಒಂದು ವರ್ಷದಲ್ಲಿ ಸುಮಾರು 8,000ಕ್ಕೆ ಬಂತು. 2002ರಲ್ಲಿ ಮತ್ತೆ 70,000 ದಾಟಿತು. ಹೀಗೆ ಇಳಿದಾಗ ಮತ್ತು ಏರಿದಾಗ ಮನೆಗಳ ಒಳಗೆ ಏನಾಯಿತು ಎಂದು ನೋಡಿದರೆ ಮಾತ್ರ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ನಾವು ಪಾಯಸಕ್ಕೆ ಹಾಕುವ ಗಸಗಸೆ ಇದೇ ಗಿಡದ ಬೀಜ. ಕಾಯಿ ಇನ್ನೂ ಹಸಿರಾಗಿದ್ದಾಗ ಸಂಜೆ ಹೊತ್ತು ಬ್ಲೇಡಿನಿಂದ ಗೀರುತ್ತಾರೆ. ರಾತ್ರಿಯಿಡೀ ಬಿಳಿ ಹಾಲು ಒಸರಿ ಬೆಳಗಾಗುವಷ್ಟರಲ್ಲಿ ಕಂದು ಅಂಟಾಗಿರುತ್ತದೆ. ಅದನ್ನು ಕೆರೆದು ತೆಗೆದರೆ ಅಫೀಮು. ಒಂದೇ ಕಾಯಿಗೆ ಹಲವು ಸಲ ಗೀರಬೇಕು, ಹಾಗಾಗಿ ತುಂಬ ಕೈಗಳು ಬೇಕು. ಭೂಮಿ ಇಲ್ಲದವನಿಗೂ ಕೂಲಿ ಸಿಗುತ್ತದೆ, ಪಾಲಿಗೆ ಹೊಲ ಸಿಗುತ್ತದೆ. ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕೊಳ್ಳುವವನು ಮನೆ ಬಾಗಿಲಿಗೇ ಬರುತ್ತಾನೆ. ಗುಂಡು ಹಾರುವ ರಸ್ತೆಯಲ್ಲಿ ಟೊಮೆಟೊ ಹೇರಿಕೊಂಡು ಮಾರುಕಟ್ಟೆಗೆ ಹೋಗಬೇಕಾದವನಿಗೆ ಇದು ಎಷ್ಟು ದೊಡ್ಡ ಅನುಕೂಲ ಯೋಚಿಸಿ.

ಒಂದು ದಿನದ ಮಾತು ಹೇಳುತ್ತೇನೆ. ಕಾಬೂಲಿನ ಅಂಚಿನಲ್ಲಿ ನಿರಾಶ್ರಿತರ ಗುಡಾರಗಳಿದ್ದವು. ನಂಗರ್‌ಹಾರ್ ಪ್ರಾಂತ್ಯದ ಆಚಿನ್‌ನಿಂದ ಗಲಾಟೆಗೆ ಓಡಿಬಂದಿದ್ದ ಒಬ್ಬ ಹಿರಿಯರ ಮುಂದೆ ಕೂತಿದ್ದೆವು. ಮೇಲಿನವರು ಕಳಿಸಿದ್ದ ನಮೂನೆಯಲ್ಲಿ ಮೊದಲ ಪ್ರಶ್ನೆಯೇ, "ಎಷ್ಟು ಜೆರಿಬ್ ಗಸಗಸೆ ಹಾಕಿದ್ದಿರಿ?" ಜೆರಿಬ್ ಅಂದರೆ ಸುಮಾರು ಅರ್ಧ ಎಕರೆ. ನನ್ನ ಜೊತೆಗಿದ್ದ ಸ್ಥಳೀಯ ಸಹೋದ್ಯೋಗಿ ಆ ಹಾಳೆಯನ್ನು ಮಡಿಸಿ ಮೊಣಕಾಲಿನ ಕೆಳಗಿಟ್ಟ. ಚಹಾ ಬಂತು. ಒಂದು ಲೋಟ ಮುಗಿದ ಮೇಲೆ ಆತ ಕೇಳಿದ್ದು, "ಚಾಚಾ, ನಿಮ್ಮ ಹೊಲದ ಗೋಧಿ ಎಷ್ಟು ತಿಂಗಳಿಗೆ ಬರುತ್ತಿತ್ತು?"

"ಮೂರು ತಿಂಗಳು."

ಉಳಿದ ಒಂಬತ್ತು ತಿಂಗಳು? ಅವರು ಬೆರಳು ಮಡಿಸುತ್ತಾ ಹೋದರು. ಎರಡು ಜೆರಿಬ್ ಭೂಮಿ, ಹನ್ನೊಂದು ಹೊಟ್ಟೆ. ಗಸಗಸೆ ಮೊಳಕೆ ಒಡೆದರೆ ಸಾಕು, ಅಂಗಡಿಯವನು ಹಿಟ್ಟು, ಎಣ್ಣೆ, ಸಕ್ಕರೆ ಕಡ ಕೊಡುತ್ತಿದ್ದ. ಗೋಧಿ ಬಿತ್ತಿದರೆ ಏನೂ ಕೊಡುತ್ತಿರಲಿಲ್ಲ. ಹಿಂದೊಮ್ಮೆ ಪ್ರಾಂತ್ಯದಲ್ಲಿ ನಿಷೇಧ ಹಾಕಿದ ವರ್ಷ ಹಸು ಮಾರಿದರಂತೆ. ತಮ್ಮ ಇಟ್ಟಿಗೆ ಭಟ್ಟಿ ಕೆಲಸಕ್ಕೆ ಪಾಕಿಸ್ತಾನಕ್ಕೆ ಹೋದನಂತೆ. ನಾವು ಅವರ ಹೆಸರು ಬರೆದುಕೊಳ್ಳಲಿಲ್ಲ, ಧ್ವನಿ ಮುದ್ರಿಸಲಿಲ್ಲ. ಎಕರೆ ಲೆಕ್ಕ ಕೇಳುವವನನ್ನು ಅಲ್ಲಿ ಬೆಳೆ ಕಡಿಯಲು ಬರುವವರ ಗುಪ್ತಚರ ಎಂದೇ ತಿಳಿಯುತ್ತಾರೆ. ಅದರಿಂದ ಉತ್ತರ ಕೊಟ್ಟವರಿಗೂ ಅಪಾಯ, ಕೇಳಿದವರಿಗೂ ಅಪಾಯ. ಅಂದಿನಿಂದ ನಾನು ಆ ನಮೂನೆಯನ್ನು ಮೇಲಿನಿಂದ ಕೆಳಕ್ಕೆ ತುಂಬಲೇ ಇಲ್ಲ.

ಇನ್ನೊಂದು ಸಾಲವಿದೆ, ಅಲ್ಲಿ ಅದಕ್ಕೆ 'ಸಲಾಂ' ಅನ್ನುತ್ತಾರೆ. ಚಳಿಗಾಲದಲ್ಲಿ ದಲ್ಲಾಳಿ ಮುಂಗಡ ಕೊಡುತ್ತಾನೆ, ಎಷ್ಟೋ ಸಲ ಮಾರುಕಟ್ಟೆ ದರದ ಅರ್ಧಕ್ಕೆ. ಸುಗ್ಗಿಯಲ್ಲಿ ಅಷ್ಟು ಕಿಲೋ ಅಫೀಮು ಅಳೆದು ಕೊಡಬೇಕು. ಸಾಲ ಇರುವುದು ದುಡ್ಡಿನ ಲೆಕ್ಕದಲ್ಲಿ ಅಲ್ಲ, ಅಫೀಮಿನ ಲೆಕ್ಕದಲ್ಲಿ. ಈಗ ನಿಷೇಧ ಬಂತು ಅನ್ನಿ. ಬೆಳೆ ಇಲ್ಲ, ದರ ಆಕಾಶಕ್ಕೆ. ಹತ್ತು ಕಿಲೋ ಸಾಲ ಹತ್ತು ಕಿಲೋ ಆಗಿಯೇ ಇರುತ್ತದೆ, ಆದರೆ ಅದನ್ನು ದುಡ್ಡಲ್ಲಿ ತೀರಿಸಲು ಹೋದರೆ ಮನೆ ಮುಳುಗುತ್ತದೆ. 2001ರಲ್ಲಿ ಆಗಿದ್ದು ಇದೇ. ಮಗಳನ್ನು ಸಾಲ ಕೊಟ್ಟವನ ಮನೆಗೆ ಮದುವೆ ಮಾಡಿಕೊಟ್ಟು ಲೆಕ್ಕ ತೀರಿಸಿದ ಕಥೆಗಳು ಅಲ್ಲಿನ ಹಳ್ಳಿಗಳಿಂದ ಬಂದಿವೆ. ಆ ಮಾತು ನೆನಪಾದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಇನ್ನು ಅಮೆರಿಕ ಮತ್ತು ಬ್ರಿಟನ್ ಮಾಡಿದ್ದು. ದಕ್ಷಿಣದ ಹೆಲ್ಮಂಡ್ ಪ್ರಾಂತ್ಯದಲ್ಲಿ 2008ರಿಂದ 2012ರವರೆಗೆ ಒಂದು ಯೋಜನೆ ನಡೆಯಿತು. ಕಾಲುವೆ ನೀರಿನ ಪ್ರದೇಶದ ರೈತರಿಗೆ ಗೋಧಿ ಬೀಜ, ಗೊಬ್ಬರ ಕೊಟ್ಟರು, ಗಸಗಸೆ ಹಾಕಿದರೆ ಕಡಿಯುತ್ತೇವೆ ಎಂದರು. ಅಲ್ಲಿ ಬೆಳೆ ನಿಜಕ್ಕೂ ಕಡಿಮೆಯಾಯಿತು. ಆದರೆ ಗೋಧಿಗೆ ಅಷ್ಟು ಆಳು ಬೇಡ. ಭೂಮಾಲೀಕರು ಪಾಲಿಗೆ ದುಡಿಯುವವರನ್ನು ಬಿಡಿಸಿದರು. ಅವರು ಬೊಘ್ರಾ ಕಾಲುವೆಯ ಉತ್ತರಕ್ಕಿದ್ದ ಮರಳುಗಾಡಿಗೆ ಹೋಗಿ ಬೋರ್ ಕೊರೆಸಿ ಮತ್ತೆ ಗಸಗಸೆಯನ್ನೇ ಬಿತ್ತಿದರು. ಮೊದಲು ಡೀಸೆಲ್ ಪಂಪು, ಆಮೇಲೆ ಸೋಲಾರ್. ಡೇವಿಡ್ ಮ್ಯಾನ್ಸ್‌ಫೀಲ್ಡ್ ಎಂಬ ಬ್ರಿಟಿಷ್ ಸಂಶೋಧಕರು ವರ್ಷಗಟ್ಟಲೆ ಹೊಲಗಳಿಗೆ ಹೋದವರ ಮಾತನ್ನೂ ಉಪಗ್ರಹ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ಇದನ್ನು ತೋರಿಸಿದರು. ಕಾಲುವೆ ಪ್ರದೇಶ ಒಂದನ್ನೇ ನೋಡಿದವರಿಗೆ ಯೋಜನೆ ಗೆದ್ದಂತೆ ಕಂಡಿತ್ತು. ಆ ಮರಳುಗಾಡಿನಲ್ಲಿ ಈಗ ಅಂತರ್ಜಲ ಕೆಳಗೆ ಹೋಗುತ್ತಿದೆ. ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2017ರ ನವೆಂಬರ್‌ನಿಂದ ಅಮೆರಿಕದವರು ಅಫೀಮಿನಿಂದ ಹೆರಾಯಿನ್ ಮಾಡುವ ಮಣ್ಣಿನ ಗುಡಿಸಲುಗಳ ಮೇಲೆ ಯುದ್ಧವಿಮಾನದಿಂದ ಬಾಂಬೂ ಹಾಕಿದರು. ಹಾಗೆ ಸುಮಾರು ಒಂದು ವರ್ಷ ನಡೆಸಿ ಬಿಟ್ಟುಬಿಟ್ಟರು.

ಹಾಗಾದರೆ ತಾಲಿಬಾನ್ ಹೇಗೆ ನಿಲ್ಲಿಸಿತು? ಊರೂರಲ್ಲಿ ಅವರ ಹಿಡಿತ ಇದೆ, ಅದು ಒಂದು ಕಾರಣ. ಇನ್ನೊಂದನ್ನು ಜಾಸ್ತಿ ಜನ ಗಮನಿಸುವುದಿಲ್ಲ. 2022ರ ಸುಗ್ಗಿಯನ್ನು ಅವರು ತಡೆಯಲಿಲ್ಲ. ದಕ್ಷಿಣದಲ್ಲಿ ಭೂಮಿ ಇದ್ದವರ ಮನೆಯಲ್ಲಿ ದಾಸ್ತಾನು ಉಳಿದಿತ್ತು. 2023ರ ಆಗಸ್ಟ್‌ಗೆ ಅಫೀಮಿನ ದರ ಕಿಲೋಗೆ 408 ಡಾಲರ್ ಆಯಿತು, ಆಮೇಲೂ ಏರಿತು. ಸ್ವಲ್ಪ ಸ್ವಲ್ಪ ಮಾರಿಕೊಂಡು ಅವರು ತಾಳಿಕೊಂಡರು. ಕೆಲವರು ಮೊದಲಿಗಿಂತ ಚೆನ್ನಾಗಿಯೇ ಆದರು. ಪಾಲಿಗೆ ದುಡಿಯುವವನ ಹತ್ತಿರ ಮಾರಲು ಏನಿತ್ತು? ಅದೇ ವರ್ಷ ಒಂದು ಹೆಕ್ಟೇರ್ ಗೋಧಿಯಿಂದ ಬಂದದ್ದು ಸುಮಾರು 770 ಡಾಲರ್, ಅದೇ ನೆಲದ ಗಸಗಸೆಗೆ 10,000. ಇಷ್ಟೆಲ್ಲ ಆಗುವಾಗ ಮ್ಯಾನ್ಮಾರ್ ಅಫೀಮಿನಲ್ಲಿ ಜಗತ್ತಿಗೇ ಮುಂದೆ ಬಂತು, ಅದೂ ಅಂತರ್ಯುದ್ಧ ನಡೆಯುತ್ತಿರುವ ದೇಶವೇ.

ಹಾಗಾಗಿ ನನ್ನ ಉತ್ತರ: ಬಿಗಿ ಕಾನೂನಿಗೆ ಗಿಡ ಕೀಳಲು ಆಗುತ್ತದೆ. ಆ ಒಂಬತ್ತು ತಿಂಗಳ ಹಿಟ್ಟು ತುಂಬಲು ಆಗುವುದಿಲ್ಲ. ಅದನ್ನು ತುಂಬುವುದಕ್ಕೆ ಕಡ ಕೊಡುವವರು ಬೇಕು, ನೀರು ಬೇಕು, ಹೆದರಿಕೆಯಿಲ್ಲದ ರಸ್ತೆ ಬೇಕು, ಕೂಲಿ ಬೇಕು. ಇದಕ್ಕೆಲ್ಲ ವರ್ಷಗಳೇ ಹಿಡಿಯುತ್ತವೆ. ದಕ್ಷಿಣ ಸುಮ್ಮನಿದೆ ಎಂದು ಇಡೀ ದೇಶ ಒಪ್ಪಿಕೊಂಡಿದೆ ಅನ್ನಬೇಡಿ. ಈಶಾನ್ಯದ ಬದಖ್‌ಶಾನ್ ನೋಡಿ. ಗುಡ್ಡದ ಸಣ್ಣ ಹೊಲಗಳು, ದಾಸ್ತಾನು ಇಡುವಷ್ಟು ಬೆಳೆ ಹೆಚ್ಚಿನವರಿಗೆ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಬೆಳೆ ಕೀಳಲು ಬಂದವರಿಗೆ ಅಲ್ಲಿನ ರೈತರು ಅಡ್ಡ ನಿಂತರು. ಗುಂಡು ಹಾರಿತು, ಜನ ಸತ್ತರು. ಆ ವರ್ಷ ದೇಶದಲ್ಲಿ ಗಸಗಸೆ ಮತ್ತೆ 12,800 ಹೆಕ್ಟೇರ್‌ಗೆ ಏರಿತು, ಅದರಲ್ಲಿ ಬದಖ್‌ಶಾನ್ ಪಾಲೇ ದೊಡ್ಡದು.